ಗಿಡಕ್ಕೂ ಮನೆತನ ಉಂಟು



ನಮ್ಮ ಪ್ರಶ್ನೆ ಪೆಟ್ಟಿಗೆಯಲ್ಲಿ ಹೋದ ತಿಂಗಳು ಬಿದ್ದ ಚೀಟಿಗಳ ಪೈಕಿ ಒಂದರಲ್ಲಿ ಹೀಗೆ ಬರೆದಿತ್ತು: "ಬದನೆಕಾಯಿಗೆ ಬದನೆಕಾಯಿ ಅಂದರೆ ಸಾಲದೇ? ಸೊಲನಮ್ ಮೆಲೊಂಜಿನಾ ಅಂತ ಯಾಕೆ ಬಾಯಿಪಾಠ ಮಾಡಬೇಕು? ಅಂಗಡಿಗೆ ಹೋಗಿ ಹಾಗೆ ಕೇಳಿದರೆ ಕೊಡ್ತಾರಾ?" ಚೀಟಿಯಲ್ಲಿ ಹೆಸರಿಲ್ಲ. ಅಕ್ಷರ ನೋಡಿದರೆ ಎಂಟನೇ ತರಗತಿಯವರದು ಅನ್ನಿಸುತ್ತೆ. ಉತ್ತರ ಬರೆಯುವ ಕೆಲಸವನ್ನು ಸಂಪಾದಕ ಮಂಡಳಿಯವರು ನನಗೆ ವಹಿಸಿದರು. ಹತ್ತನೇ ತರಗತಿಯವಳಲ್ಲವೇ, ವರ್ಗೀಕರಣದ ಪಾಠ ಮುಗಿಸಿದ್ದೀಯಲ್ಲ, ಬರೆ ಅಂದರು. ಬರೆಯುತ್ತಾ ಹೋದಂತೆ ವಿಷಯ ಬೆಳೆದು ಈ ಸಲ ಎರಡು ಡ್ರಾಯಿಂಗ್ ಹಾಳೆ ನನಗೇ ಬೇಕಾಯಿತು. ಚುಟುಕ ಬರೆದವರು ಬೇಜಾರು ಮಾಡಿಕೊಳ್ಳಬಾರದು.

ಚೀಟಿಗೆ ನೇರ ಉತ್ತರ ಇಷ್ಟೇ. ಅಂಗಡಿಯಲ್ಲಿ ಕೊಡಲ್ಲ. ಆದರೆ ಆ ಹೆಸರನ್ನು ಓದಲು ಬಂದರೆ ಹೊಲದಲ್ಲಿ ದುಡ್ಡು ಉಳಿಯುತ್ತೆ. ನಮ್ಮ ಅರ್ಧ ಎಕರೆ ಟೊಮ್ಯಾಟೊ ತೋಟ ಈ ವರ್ಷ ಸೊರಗಿ ಹೋದಾಗ ಇದು ನನಗೆ ಚೆನ್ನಾಗಿ ತಿಳಿಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಹೆಸರು ಅಂದರೇನು ಅಂತ ಮೊದಲು ನೋಡೋಣ.

ನಮ್ಮೂರಿನ ಹೆಸರುಗಳು ಪ್ರಯೋಜನವಿಲ್ಲದವು ಅಂತ ನಾನು ಹೇಳ್ತಾ ಇಲ್ಲ. ನಮ್ಮಜ್ಜಿ ಹೊಲದ ಬದುವಿನ ಮೇಲೆ ನಡೆಯುತ್ತಾ ಮೂವತ್ತು ನಲವತ್ತು ಸೊಪ್ಪಿನ ಹೆಸರು ಹೇಳ್ತಾರೆ. ಯಾವುದು ಮಸ್ಸೊಪ್ಪಿಗೆ, ಯಾವುದು ಬಾಣಂತಿಗೆ, ಯಾವುದನ್ನು ದನ ಮೂಸಿ ನೋಡಿ ಬಿಟ್ಟುಬಿಡುತ್ತೆ, ಎಲ್ಲಾ ಗೊತ್ತು. ಪುಸ್ತಕ ಓದಿ ನನಗೆ ಅದರ ಕಾಲು ಭಾಗವೂ ಬಂದಿಲ್ಲ. ಆದರೂ ಊರ ಹೆಸರಿಗೆ ಎರಡು ತೊಂದರೆ ಉಂಟು. ಒಂದೇ ಗಿಡಕ್ಕೆ ಊರಿಗೊಂದು ಹೆಸರು ಇರುತ್ತೆ. ಒಂದೇ ಹೆಸರಿಗೆ ಎರಡು ಗಿಡವೂ ಇರುತ್ತೆ.

ಬ್ರಾಹ್ಮಿಯನ್ನೇ ತೆಗೆದುಕೊಳ್ಳಿ. ಕಾಲುವೆ ಪಕ್ಕದ ತೇವದಲ್ಲಿ ಹಬ್ಬುವ, ದುಂಡನೆ ಎಲೆಯ ಒಂದೆಲಗಕ್ಕೆ ನಮ್ಮ ಕಡೆ ಎಷ್ಟೋ ಜನ ಬ್ರಾಹ್ಮಿ ಅಂತಾರೆ. ಕರಾವಳಿಯಲ್ಲಿ ಅದೇ ತಿಮರೆ. ಇನ್ನೊಂದು ಗಿಡ ಇದೆ, ಚಿಕ್ಕ ಚಿಕ್ಕ ದಪ್ಪ ಎಲೆ, ಬಿಳಿ ಅಥವಾ ತಿಳಿ ನೇರಳೆ ಹೂವು, ನೀರಿನಂಚಿನಲ್ಲೇ ಬೆಳೆಯೋದು. ಅದಕ್ಕೂ ಬ್ರಾಹ್ಮಿ, ನೀರುಬ್ರಾಹ್ಮಿ ಅಂತ ಹೆಸರು. ಮೊದಲನೆಯದು ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿ ಮತ್ತು ಕ್ಯಾರೆಟ್ ಮನೆತನದ್ದು. ಎರಡನೆಯದು ಬಕೋಪಾ ಮೊನ್ನಿಯೇರಿ. ಅದರ ಮನೆತನವೇ ಬೇರೆ. ಒಳಗಿರುವ ಸತ್ವವೂ ಬೇರೆ. ಗ್ರಂದಿಗೆ ಅಂಗಡಿಯಲ್ಲಿ "ಬ್ರಾಹ್ಮಿ ಕೊಡಿ" ಅಂದರೆ ಯಾವುದು ಕೊಡಬೇಕು? ಪಂಡಿತರು ಒಂದನ್ನು ಮನಸ್ಸಿನಲ್ಲಿಟ್ಟು ಬರೆದುಕೊಟ್ಟು, ಅಂಗಡಿಯವರು ಇನ್ನೊಂದನ್ನು ಪೊಟ್ಟಣ ಕಟ್ಟಿದರೆ ತಪ್ಪು ಯಾರದು? ಇಬ್ಬರದೂ ಅಲ್ಲ, ಹೆಸರಿನದು.

ಮೆಣಸಿನ ಕಥೆ ಇನ್ನೂ ಚೆನ್ನಾಗಿದೆ. ಮೆಣಸು ಅಂದರೆ ಮೊದಲು ಕರಿಮೆಣಸೇ, ಮಲೆನಾಡಿನಲ್ಲಿ ಮರಕ್ಕೆ ಹಬ್ಬುವ ಬಳ್ಳಿಯ ಕಾಳು. ನಾವು ದಿನಾ ಸಾರಿಗೆ ಹಾಕುವ ಮೆಣಸಿನಕಾಯಿ ನಮ್ಮ ದೇಶದ್ದೇ ಅಲ್ಲ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕಾಲದಲ್ಲಿ ಹಡಗು ಹತ್ತಿ ಬಂತು. ಹೊಸ ಕಾಯಿ ಬಾಯಿಗಿಟ್ಟರೆ ಖಾರ. ಖಾರ ಅಂದರೆ ನಮ್ಮವರಿಗೆ ಗೊತ್ತಿದ್ದದ್ದು ಮೆಣಸು. ಸರಿ, ಇದು "ಮೆಣಸಿನ ಕಾಯಿ" ಆಯಿತು. ಇಂಗ್ಲಿಷಿನವರೂ ಹಾಗೇ ಮಾಡಿಕೊಂಡಿದ್ದಾರೆ, ಎರಡಕ್ಕೂ ಪೆಪ್ಪರ್ ಅಂತಾರೆ. ಆದರೆ ಕರಿಮೆಣಸು ಪೈಪರ್ ನೈಗ್ರಮ್, ವೀಳ್ಯದೆಲೆಯ ಹತ್ತಿರದ ನೆಂಟ. ಮೆಣಸಿನಕಾಯಿ ಕ್ಯಾಪ್ಸಿಕಮ್ ಆನ್ಯುವಮ್, ಟೊಮ್ಯಾಟೊ ಬದನೆಗಳ ನೆಂಟ. ನಾಲಿಗೆ ಹೇಳಿದ ನೆಂಟಸ್ತಿಕೆ ಸುಳ್ಳು, ಹೂವು ಹೇಳಿದ ನೆಂಟಸ್ತಿಕೆ ನಿಜ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಊರ ಹೆಸರು ಕೆಲವು ಸಲ ಸರಿಯಾಗೂ ಗುರಿ ಹೊಡೆಯುತ್ತೆ. ಟೊಮ್ಯಾಟೊ ಹೊಸದಾಗಿ ಬಂದಾಗ ನಮ್ಮ ಹಿರಿಯರು ಕೆಲವರು ಅದಕ್ಕೆ ಚಪ್ಪರಬದನೆ ಅಂದರು. ಬಂಗಾಳದವರು ಬಿಲಿತಿ ಬೇಗುನ್, ಅಂದರೆ ವಿಲಾಯಿತಿ ಬದನೆ ಅಂದರು. ಯಾವ ಪುಸ್ತಕವನ್ನೂ ನೋಡದೆ ಗಿಡ ನೋಡಿಯೇ ಬದನೆಯ ಮನೆಯದು ಅಂತ ಗುರುತು ಹಿಡಿದಿದ್ದಾರೆ. ಭೇಷ್ ಅನ್ನಬೇಕು.

ಈಗ ಆ ಲ್ಯಾಟಿನ್ ಹೆಸರು ಎಲ್ಲಿಂದ ಬಂತು ಅಂತ ನೋಡೋಣ. ಸ್ವೀಡನ್ ದೇಶದಲ್ಲಿ ಕಾರ್ಲ್ ಲಿನೀಯಸ್ ಎಂಬ ವಿಜ್ಞಾನಿ ಇದ್ದರು. ಹುಟ್ಟಿದ್ದು 1707, ತೀರಿಕೊಂಡಿದ್ದು 1778. ಇವರ ತಂದೆಗೆ ಮೊದಲು ಮನೆತನದ ಹೆಸರೇ ಇರಲಿಲ್ಲವಂತೆ. ವಿಶ್ವವಿದ್ಯಾನಿಲಯಕ್ಕೆ ಸೇರಲು ಒಂದು ಹೆಸರು ಬೇಕಾಯಿತು. ಅವರ ಜಮೀನಿನಲ್ಲಿ ದೊಡ್ಡದೊಂದು ಲಿಂಡ್ ಮರ ಇತ್ತು, ಅದರ ಹೆಸರಿನಿಂದಲೇ ಲಿನೀಯಸ್ ಅಂತ ಮಾಡಿಕೊಂಡರು. ನಮ್ಮೂರಲ್ಲಿ ಹುಣಸೆಮರದ ಮನೆಯವರು, ಬೇವಿನಮರದ ಮನೆಯವರು ಅಂತ ಕರೀತೀವಲ್ಲ, ಹಾಗೇ. ಮರದಿಂದ ಹೆಸರು ಪಡೆದ ಮನೆಯ ಮಗ ಮರಗಿಡಗಳಿಗೆಲ್ಲ ಹೆಸರಿಟ್ಟ ಅನ್ನೋದು ನನಗೆ ತುಂಬಾ ಹಿಡಿಸಿತು.

ಲಿನೀಯಸ್‌ಗಿಂತ ಮೊದಲೂ ಪಂಡಿತರು ಲ್ಯಾಟಿನ್‌ನಲ್ಲೇ ಹೆಸರು ಬರೆಯುತ್ತಿದ್ದರು. ಆದರೆ ಹೆಸರು ಅಂದರೆ ಒಂದು ಉದ್ದನೆಯ ವರ್ಣನೆ. ಕಾಗದದ ಬುಡ್ಡಿಯಂಥ ಹೊದಿಕೆಯೊಳಗೆ ಗೋಲಿಯಷ್ಟು ಹಣ್ಣು ಬಿಡುತ್ತಲ್ಲ, ನಾವು ಬುಡ್ಡೆಹಣ್ಣು ಅಂತ ಹಣೆಗೆ ಹೊಡೆದು ಟಪ್ ಅನ್ನಿಸಿ ಆಡುತ್ತೇವಲ್ಲ, ಆ ಗುಂಪಿನ ಒಂದು ಗಿಡದ ಹೆಸರಿನ ಅರ್ಥ ಹೀಗಿತ್ತು: ಒಂದೇ ವರ್ಷ ಬಾಳುವ, ತುಂಬಾ ಕವಲೊಡೆಯುವ, ಮೂಲೆಮೂಲೆಯಾದ ನುಣುಪು ಕೊಂಬೆಯ, ಗರಗಸದ ಹಲ್ಲಿನಂಥ ಎಲೆಯ ಫೈಸಾಲಿಸ್. ಹಾಜರಿ ಪುಸ್ತಕದಲ್ಲಿ ಇಂಥ ಹೆಸರುಗಳಿದ್ದರೆ ನಮ್ಮ ಮೇಷ್ಟ್ರು ಹಾಜರಿ ಕರೆಯೋದರೊಳಗೆ ಊಟದ ಗಂಟೆ ಹೊಡೆಯುತ್ತಿತ್ತು. ಲಿನೀಯಸ್ ಅದನ್ನು ಎರಡೇ ಪದಕ್ಕೆ ಇಳಿಸಿದರು: ಫೈಸಾಲಿಸ್ ಆಂಗ್ಯುಲೇಟಾ. 1753ರಲ್ಲಿ ಬಂದ ಅವರ ಗ್ರಂಥದಲ್ಲಿ ತಮಗೆ ಗೊತ್ತಿದ್ದ ಸಸ್ಯಗಳಿಗೆಲ್ಲ ಹೀಗೆ ಎರಡು ಪದದ ಹೆಸರು ಕೊಟ್ಟರು. 1758ರಲ್ಲಿ ಇನ್ನೊಂದು ಗ್ರಂಥದ ಹತ್ತನೇ ಆವೃತ್ತಿಯಲ್ಲಿ ಪ್ರಾಣಿಗಳಿಗೂ ಅದೇ ಕ್ರಮ ತಂದರು. ಇವತ್ತಿಗೂ ಸಸ್ಯಗಳ ಹೆಸರಿನ ಲೆಕ್ಕ 1753ರಿಂದ, ಪ್ರಾಣಿಗಳದ್ದು 1758ರಿಂದ ಶುರು. ನಮ್ಮ ಮಾವು ಮ್ಯಾಂಜಿಫೆರಾ ಇಂಡಿಕಾ ಆದದ್ದು 1753ರಲ್ಲೇ.

ಎರಡು ಪದದಲ್ಲಿ ಮೊದಲನೆಯದು ಜಾತಿ, ಎರಡನೆಯದು ಪ್ರಭೇದವನ್ನು ಗುರುತಿಸುವ ಪದ. ನಮ್ಮಲ್ಲಿ ಮನೆತನದ ಹೆಸರು ಮುಂದೆ, ಇಟ್ಟ ಹೆಸರು ಹಿಂದೆ ಬರೆದ ಹಾಗೆ. ಸೊಲನಮ್ ಮೆಲೊಂಜಿನಾ ಬದನೆ. ಸೊಲನಮ್ ಟ್ಯೂಬರೋಸಮ್ ಆಲೂಗಡ್ಡೆ. ಸೊಲನಮ್ ಲೈಕೊಪರ್ಸಿಕಮ್ ಟೊಮ್ಯಾಟೊ. ಮೂರರ ಮುಖವೂ ನೋಡಬೇಕಾಗಿಲ್ಲ, ಹೆಸರು ಕೇಳಿದರೇ ಅಣ್ಣತಮ್ಮಂದಿರು ಅಂತ ಗೊತ್ತಾಗುತ್ತೆ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ಮೊದಲ ಪದದ ಮೊದಲಕ್ಷರ ಮಾತ್ರ ದೊಡ್ಡದು. ಅಚ್ಚಿನಲ್ಲಿ ಓರೆ ಅಕ್ಷರ, ಕೈಬರಹದಲ್ಲಾದರೆ ಎರಡು ಪದಕ್ಕೂ ಬೇರೆ ಬೇರೆ ಅಡಿಗೆರೆ. ಕನ್ನಡದಲ್ಲಿ ದೊಡ್ಡಕ್ಷರದ ಗೋಜು ಇಲ್ಲ, ಪುಣ್ಯ. ಅಡಿಗೆರೆಯನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಎಳೆದಿದ್ದೇನೆ, ನೋಡಿ.

ಹೊಸ ಜೀವಿಗೆ ಯಾರು ಬೇಕಾದರೂ ಬಾಯಿಗೆ ಬಂದ ಹೆಸರು ಇಡುವ ಹಾಗಿಲ್ಲ. ಅದು ಇತರ ಎಲ್ಲವುಗಳಿಗಿಂತ ಹೇಗೆ ಬೇರೆ ಅಂತ ಬರೆದು ಪ್ರಕಟಿಸಬೇಕು. ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿ ಇಡಬೇಕು, ನಾಳೆ ಯಾರಿಗಾದರೂ ಅನುಮಾನ ಬಂದರೆ ತೆಗೆದು ನೋಡಲಿಕ್ಕೆ. ಒಂದಕ್ಕೇ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಇಟ್ಟವರದ್ದೇ ನಿಲ್ಲುತ್ತೆ. ಪದ ಲ್ಯಾಟಿನ್ನಿನದೇ ಆಗಬೇಕೆಂದೂ ಇಲ್ಲ. ಉತ್ತರ ಕನ್ನಡದ ಕಾಡಿನ ಒಂದು ಕಪ್ಪೆಗೆ 2014ರಲ್ಲಿ ಇಟ್ಟ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ! ಹೌದು, ನಮ್ಮ ಕುಂಬಾರನೇ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ತೊರೆಯ ಕೆಸರನ್ನು ಮುಂಗೈಯಲ್ಲಿ ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತೆ. ಕೆ. ವಿ. ಗುರುರಾಜ ಮತ್ತು ಅವರ ಜೊತೆಯ ವಿಜ್ಞಾನಿಗಳು ಇದನ್ನು ವಿವರಿಸಿದವರು. ಪ್ರಪಂಚದ ಯಾವ ದೇಶದವರು ಆ ಕಪ್ಪೆಯ ಬಗ್ಗೆ ಬರೆದರೂ ಕುಂಬಾರ ಅಂತಲೇ ಬರೀಬೇಕು. ಲ್ಯಾಟಿನ್ ಅಂತ ಮುಖ ಸಿಂಡರಿಸುವವರು ಇದನ್ನು ಎರಡು ಸಲ ಓದಿ.

ವರ್ಗೀಕರಣದ ಏಣಿಯನ್ನು ಪಾಠದಲ್ಲಿ ಎಲ್ಲರೂ ಓದಿದ್ದೀರಿ, ಅದನ್ನು ಉದ್ದ ಮಾಡಲ್ಲ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ. ಕಾಗದದ ವಿಳಾಸ ಬರೆಯುವ ಹಾಗೆ ಅಂದುಕೊಳ್ಳಿ: ದೇಶ, ರಾಜ್ಯ, ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಮನೆ. ಮೇಲಿನಿಂದ ಕೆಳಗೆ ಬಂದಷ್ಟೂ ಜನ ಕಡಿಮೆ, ಹತ್ತಿರ ಜಾಸ್ತಿ. ಜಾತಿ ಅನ್ನುವ ಪದ ಬಂದಾಗ ತರಗತಿಯಲ್ಲಿ ಹಿಂದಿನ ಬೆಂಚಿನವರು ಮುಸಿಮುಸಿ ನಕ್ಕರು. ಆ ಪದಕ್ಕೆ ಊರಲ್ಲಿ ಬೇರೆ ಅರ್ಥ ಇದೆಯಲ್ಲ. ಈ ಏಣಿಯಲ್ಲಿ ಅದಕ್ಕೆ ಜಾಗವಿಲ್ಲ. ಇಲ್ಲಿ ಮೇಲಿನ ಕೇರಿಯವರು, ಕೆಳಗಿನ ಕೇರಿಯವರು, ಅಮೆರಿಕದವರು, ಆಫ್ರಿಕದವರು ಎಲ್ಲರದ್ದೂ ಒಂದೇ ಜಾತಿ, ಒಂದೇ ಪ್ರಭೇದ. ಹೋಮೋ ಸೇಪಿಯನ್ಸ್.

ಇನ್ನು ಬದನೆಯ ಕುಟುಂಬಕ್ಕೆ ಬರೋಣ. ಇದರ ಹೆಸರು ಸೊಲನೇಸೀ. ನನ್ನ ಲೆಕ್ಕದಲ್ಲಿ ನಮ್ಮ ಅಡಿಗೆಮನೆಯನ್ನು ಆಳುವ ಕುಟುಂಬ ಇದು. ಬದನೆ, ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ. ಬದುವಿನ ಗಣಿಕೆ ಸೊಪ್ಪು, ಬೇಲಿಯ ಸುಂಡೆ, ನಮ್ಮ ಬುಡ್ಡೆಹಣ್ಣು. ತಿಪ್ಪೆಯ ಪಕ್ಕದ ಉಮ್ಮತ್ತಿ. ಹೊಗೆಸೊಪ್ಪು ಕೂಡ! ಇವೆಲ್ಲ ಒಂದೇ ಮನೆಯವು ಅಂದರೆ ನಂಬಲಿಕ್ಕೆ ಕಷ್ಟ. ನಂಬಬೇಡಿ, ಹೂವು ಕಿತ್ತು ನೋಡಿ. ದಳಗಳು ಐದು, ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೇಸರಗಳೂ ಐದು, ದಳದ ಒಳಗೋಡೆಗೆ ಹತ್ತಿಕೊಂಡಿರುತ್ತವೆ. ಟೊಮ್ಯಾಟೊ, ಬದನೆ, ಗಣಿಕೆಗಳಲ್ಲಿ ಆ ಕೇಸರಗಳು ನಡುವೆ ಹಳದಿ ಗೋಪುರದ ಹಾಗೆ ಕೂಡಿ ನಿಂತಿರುತ್ತವೆ. ತೋಟದ ಟೊಮ್ಯಾಟೊದಲ್ಲಿ ಒಮ್ಮೊಮ್ಮೆ ಆರು ಏಳು ದಳ ಸಿಗುತ್ತೆ, ಗಾಬರಿ ಬೇಡ, ಜನ ಆರಿಸಿ ಆರಿಸಿ ಬೆಳೆಸಿದ್ದರಿಂದ ಹಾಗಾಗಿದೆ.

ಎಲ್ಲಕ್ಕಿಂತ ಸುಲಭದ ಗುರುತು ಟೋಪಿ. ಬದನೆಕಾಯಿಯ ತೊಟ್ಟಿನ ಹತ್ತಿರ ಹಸಿರು ಟೋಪಿ ಇರುತ್ತಲ್ಲ, ಅದು ಹೂವಿನ ಪುಷ್ಪಪತ್ರ. ಬೇರೆ ಎಷ್ಟೋ ಗಿಡಗಳಲ್ಲಿ ಹೂವಿನ ಜೊತೆ ಅದೂ ಉದುರಿ ಹೋಗುತ್ತೆ. ಈ ಮನೆಯವರದ್ದು ಉದುರಲ್ಲ, ಕಾಯಿಯ ಜೊತೆಗೇ ಇರುತ್ತೆ. ಟೊಮ್ಯಾಟೊ ಮೇಲಿನ ಹಸಿರು ನಕ್ಷತ್ರ ಅದೇ, ಮೆಣಸಿನಕಾಯಿಯ ತೊಟ್ಟಿನ ಬಟ್ಟಲು ಅದೇ. ಬುಡ್ಡೆಹಣ್ಣಿನಲ್ಲಿ ಅದೇ ಟೋಪಿ ಉಬ್ಬಿ ಬೆಳೆದು ಹಣ್ಣನ್ನೇ ನುಂಗಿದೆ!

ಈ ಮನೆತನಕ್ಕೆ ಇನ್ನೊಂದು ಗುಣ ಇದೆ, ವಿಷ. ಬೆಳಕಿಗೆ ಬಿದ್ದು ಹಸಿರು ತಿರುಗಿದ ಆಲೂಗಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಹೆಚ್ಚುತ್ತೆ, ಅದನ್ನು ತಿನ್ನಬಾರದು. ಹೊಗೆಸೊಪ್ಪಿನಲ್ಲಿ ನಿಕೋಟಿನ್. ಉಮ್ಮತ್ತಿಯ ಬೀಜ ತಿಂದರೆ ತಲೆ ಕೆಟ್ಟು, ಪ್ರಾಣಕ್ಕೇ ಅಪಾಯ. ಇದರಲ್ಲಿ ಅಟ್ರೊಪಿನ್ ಎಂಬುದೂ ಇದೆ. ಅದೇ ಅಟ್ರೊಪಿನ್ನನ್ನು ವೈದ್ಯರು ಲೆಕ್ಕದ ಹನಿಯಲ್ಲಿ ಕಣ್ಣಿನ ಪಾಪೆ ಅಗಲಿಸಲು ಬಳಸ್ತಾರೆ, ಕೆಲವು ಕೀಟನಾಶಕಗಳ ವಿಷ ಏರಿದವರಿಗೆ ಸೂಜಿಮದ್ದಾಗಿಯೂ ಕೊಡ್ತಾರೆ. ಆದ್ದರಿಂದ ಚಿಕ್ಕವರಿಗೆ ಒಂದು ಮಾತು: ಟೋಪಿ ನೋಡಿ ಮನೆತನ ಗುರುತಿಸುವುದು ಸರಿ, ಆದರೆ ಗೊತ್ತಿಲ್ಲದ ಹಣ್ಣನ್ನು "ಟೊಮ್ಯಾಟೊದ ನೆಂಟ" ಅಂತ ಬಾಯಿಗೆ ಹಾಕಬೇಡಿ. ಉಮ್ಮತ್ತಿಯೂ ನೆಂಟನೇ.

ಈಗ ನಮ್ಮ ತೋಟದ ವಿಷಯ. ಕಾಯಿ ಕಚ್ಚುವ ಹೊತ್ತಿಗೆ ಗಿಡಗಳು ಸೊರಗಲು ಶುರುವಾದವು. ಎಲೆ ಹಸಿರಾಗಿಯೇ ಇತ್ತು, ಮಧ್ಯಾಹ್ನ ಜೋತು ಬೀಳೋದು, ಸಂಜೆ ಸ್ವಲ್ಪ ಚೇತರಿಸಿಕೊಳ್ಳೋದು. ನಾಲ್ಕೈದು ದಿನದಲ್ಲಿ ಗಿಡವೇ ಹೋಯಿತು. ಒಂದು ಸಾಲಿನಿಂದ ಪಕ್ಕದ ಸಾಲಿಗೆ, ನೀರು ಹರಿದ ದಾರಿಯಲ್ಲೇ ಹಬ್ಬಿತು. ಚಿಕ್ಕಪ್ಪ ಪೇಟೆಗೆ ಹೋಗಿ "ಸೊರಗು ರೋಗಕ್ಕೆ ಔಷಧಿ" ಅಂತ ಕೇಳಿ ಒಂದು ಡಬ್ಬಿ ತಂದರು. ಡಬ್ಬಿಯ ಮೇಲೆ ಶಿಲೀಂಧ್ರನಾಶಕ ಅಂತ ಇತ್ತು. ಹೊಡೆದಿದ್ದೂ ಆಯಿತು, ಗಿಡ ಹೋಗಿದ್ದೂ ಆಯಿತು. ಆಮೇಲೆ ಮನೆಯಲ್ಲಿ ಮಾತು ಬಂತು: ಟೊಮ್ಯಾಟೊ ಕಿತ್ತು ಅದೇ ಜಾಗಕ್ಕೆ ಬದನೆ ಹಾಕೋಣ, ಸಸಿ ಸಿಗುತ್ತೆ, ಗೊಬ್ಬರವೂ ಹಾಕಿದ್ದೇವೆ, ದಂಡ ಆಗಬಾರದು.

ಇಲ್ಲಿ ಹೆಸರು ಮಾತಾಡುತ್ತೆ, ಗಮನಿಸಿ. ಟೊಮ್ಯಾಟೊಗೆ ಸೊರಗು ರೋಗ ಅಂತ ಊರಲ್ಲಿ ಕರೆಯುವುದು ಒಂದೇ ರೋಗವನ್ನಲ್ಲ. ಮುಖ್ಯವಾಗಿ ಎರಡು ಇವೆ. ಒಂದನ್ನು ತರುವುದು ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗದ್ದು. ಅದರ ಹೆಸರು ಫ್ಯುಸೇರಿಯಮ್ ಆಕ್ಸಿಸ್ಪೋರಮ್, ಟೊಮ್ಯಾಟೊ ಮೇಲೆ ಬರುವ ರೂಪಕ್ಕೆ ಬಾಲದಲ್ಲಿ ಇನ್ನೊಂದು ಪದ ಸೇರಿಸ್ತಾರೆ: ಲೈಕೊಪರ್ಸಿಸಿ. ಇನ್ನೊಂದನ್ನು ತರುವುದು ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ಅದರ ಹೆಸರು ರಾಲ್ಸ್ಟೋನಿಯಾ ಸೊಲನೇಸಿಯಾರಮ್. ಶಿಲೀಂಧ್ರ ಮತ್ತು ದುಂಡಾಣು ಏಣಿಯ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲೇ ಬೇರೆಯಾಗುತ್ತವೆ. ಸಾಮ್ರಾಜ್ಯವೇ ಬೇರೆ. ಒಂದಕ್ಕೆ ಮಾಡಿದ ಮದ್ದು ಬಹುಮಟ್ಟಿಗೆ ಇನ್ನೊಂದಕ್ಕೆ ತಾಗಲ್ಲ. ಚಿಕ್ಕಪ್ಪನ ಡಬ್ಬಿ ಯಾಕೆ ಕೆಲಸ ಮಾಡಲಿಲ್ಲ ಅಂತ ಗೊತ್ತಾಯಿತಲ್ಲ?

ಇನ್ನು ಹೆಸರಿನ ಬಾಲ ನೋಡಿ. ಲೈಕೊಪರ್ಸಿಸಿ ಅಂದರೆ "ಟೊಮ್ಯಾಟೊದ". ಅದು ಟೊಮ್ಯಾಟೊವನ್ನೇ ಹಿಡಿಯುವ ರೂಪ, ಆ ಜಾಗದಲ್ಲಿ ಬದನೆ ಹಾಕಿದರೆ ಆ ರೋಗದ ಭಯವಿಲ್ಲ. ಸೊಲನೇಸಿಯಾರಮ್ ಅಂದರೆ "ಸೊಲನೇಸೀ ಕುಟುಂಬದವರ". ಬರೀ ಟೊಮ್ಯಾಟೊದ್ದಲ್ಲ, ಇಡೀ ಮನೆತನದ್ದು! 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಎಂಬ ವಿಜ್ಞಾನಿ ಇದನ್ನು ವಿವರಿಸಿ ಹೆಸರಿಟ್ಟಾಗಲೇ ಎಚ್ಚರಿಕೆಯನ್ನು ಹೆಸರಿನಲ್ಲಿ ಬರೆದಿಟ್ಟಿದ್ದಾರೆ. ಟೊಮ್ಯಾಟೊ ತಿಂದದ್ದು ಬದನೆಯನ್ನೂ ತಿನ್ನುತ್ತೆ, ಆಲೂಗಡ್ಡೆಯನ್ನೂ, ಮೆಣಸಿನಕಾಯಿಯನ್ನೂ. ಬದುವಿನ ಗಣಿಕೆ ಗಿಡದಲ್ಲೂ ಕೂತು ಕಾಯುತ್ತೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತೆ.

ಹಾಗಾದರೆ ನಮ್ಮ ತೋಟದ್ದು ಎರಡರಲ್ಲಿ ಯಾವುದು? ಫ್ಯುಸೇರಿಯಮ್ ಆದರೆ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ದುಂಡಾಣು ಆದರೆ ಗಿಡ ಹಸಿರಾಗಿದ್ದಾಗಲೇ ಸೊರಗುತ್ತೆ. ಖಚಿತ ಮಾಡಿಕೊಳ್ಳಲು ಸುಲಭದ ಪರೀಕ್ಷೆಯೊಂದನ್ನು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟರು. ಆಗತಾನೇ ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಅಲ್ಲಾಡಿಸದೆ ಹಿಡಿಯಬೇಕು. ಅಕ್ಕ ಹಿಡಿದಳು, ನಾನು ನೋಡಿದೆ. ಐದು ನಿಮಿಷದೊಳಗೆ ಕತ್ತರಿಸಿದ ಬಾಯಿಂದ ಬಿಳಿ ದಾರದಂತೆ, ತೆಳ್ಳನೆ ಹಾಲಿನಂತೆ ಇಳಿಯತೊಡಗಿತು. ಕೋಟ್ಯಂತರ ದುಂಡಾಣುಗಳು! ಗಿಡದ ನೀರಿನ ಕೊಳವೆಗಳನ್ನು ಕಟ್ಟಿಹಾಕಿದ್ದು ಅವೇ. ಬೇರಿನ ಹತ್ತಿರ ನೀರಿದ್ದರೂ ಎಲೆ ಬಾಯಾರಿ ಸಾಯುತ್ತಿತ್ತು. ಅಪ್ಪನಿಗೆ ಲೋಟ ತೋರಿಸಿದೆವು. ಅವರು ಲೋಟವನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿ, "ಹಂಗಾದ್ರೆ ಬದನೆ ಬ್ಯಾಡ" ಅಂದರು. ಅಷ್ಟೇ. ಬದನೆ ಸಸಿಗೆ ಕೊಡಬೇಕೆಂದಿದ್ದ ದುಡ್ಡು ಉಳಿಯಿತು.

ಮತ್ತೇನು ಹಾಕಬೇಕು? ದೂರದ ಮನೆತನದವರನ್ನು. ರಾಗಿ, ಮುಸುಕಿನ ಜೋಳ ಇವು ಹುಲ್ಲಿನ ಕುಟುಂಬ, ಈ ದುಂಡಾಣುವಿಗೆ ಅವು ರುಚಿಸಲ್ಲ. ಅದಕ್ಕೇ ಇವನ್ನು ಸರದಿಯಲ್ಲಿ ಹಾಕಿ ಅಂತ ಕೃಷಿಯವರು ಹೇಳೋದು. ನಮ್ಮ ಹಿರಿಯರೂ ಬೆಳೆ ಬದಲಾಯಿಸಿ ಅಂತಿದ್ದರು. ಆದರೆ ಟೊಮ್ಯಾಟೊ ತೆಗೆದು ಮೆಣಸಿನಕಾಯಿ ಹಾಕುವವರು ಬೆಳೆ ಬದಲಾಯಿಸಿದೆವು ಅಂದುಕೊಳ್ತಾರೆ. ಕಣ್ಣಿಗೆ ಬೆಳೆ ಬೇರೆ, ದುಂಡಾಣುವಿನ ಪಾಲಿಗೆ ಅದೇ ಮನೆಯ ಇನ್ನೊಂದು ತಟ್ಟೆ.

ಹೆಸರನ್ನೇ ಪೂರ್ತಿ ನೆಚ್ಚಿ ಕೂರುವ ಹಾಗೂ ಇಲ್ಲ, ಇದನ್ನೂ ಹೇಳಬೇಕು. ಇದೇ ಗುಂಪಿನ ದುಂಡಾಣು ಶುಂಠಿಗೂ ಬರುತ್ತೆ, ನೆಲಗಡಲೆಗೂ ಬರುತ್ತೆ. ಇವು ಸೊಲನೇಸೀ ಅಲ್ಲವೇ ಅಲ್ಲ. ಶುಂಠಿ ಬೆಳ್ಳಗೆ ಕರಗಿ ಹೋದ ಜಮೀನಿನವರು ವಿಚಾರಿಸದೆ ಟೊಮ್ಯಾಟೊ ಹಾಕಬಾರದು. ಹೆಸರು ಮೊದಲು ಅನುಮಾನಿಸಬೇಕಾದ್ದು ಯಾರನ್ನು ಅಂತ ಹೇಳುತ್ತೆ, ಉಳಿದವರೆಲ್ಲ ಸಾಚಾ ಅಂತ ಹೇಳಲ್ಲ.

ನೆಂಟಸ್ತಿಕೆ ಬರೀ ರೋಗಕ್ಕಲ್ಲ, ಔಷಧಕ್ಕೂ ಆಗುತ್ತೆ. ಬೇಲಿಯ ಸುಂಡೆ ಸೊಲನಮ್ ಟೋರ್ವಮ್, ಬದನೆಯ ಅಣ್ಣನ ಹಾಗೆ. ಅದರ ಬೇರು ಗಟ್ಟಿ, ಸೊರಗು ರೋಗವನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚು. ಸುಂಡೆ ಬುಡಕ್ಕೆ ಬದನೆಯನ್ನು ಕಸಿ ಕಟ್ಟಿ ಬೆಳೀತಾರೆ. ಮಾವಿನ ಕೊಂಬೆಯನ್ನು ಬೇವಿಗೆ ಕಟ್ಟಿದರೆ ಹತ್ತುತ್ತಾ? ಹತ್ತಲ್ಲ. ಕಸಿ ಹತ್ತಬೇಕಾದರೂ ಮನೆತನ ಕೂಡಬೇಕು. ಇನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸೊರಗು ರೋಗ ತಡೆಯುವ ಅರ್ಕಾ ರಕ್ಷಕ್ ಎಂಬ ಟೊಮ್ಯಾಟೊ ಕೊಟ್ಟಿದ್ದಾರೆ. ಇದು ಹೊಸ ಪ್ರಭೇದ ಅಲ್ಲ, ತಳಿ. ಪ್ರಭೇದ ಅದೇ ಸೊಲನಮ್ ಲೈಕೊಪರ್ಸಿಕಮ್. ಪರೀಕ್ಷೆಯಲ್ಲಿ ತಳಿ, ಪ್ರಭೇದ ಎರಡನ್ನೂ ಕಲಸಿ ಬರೆಯುವವರು ಗಮನಿಸಿ.

ವಿಜ್ಞಾನಿಗಳೂ ಇದೇ ನೆಂಟಸ್ತಿಕೆ ಲೆಕ್ಕ ಹಾಕ್ತಾರೆ ಅನ್ನುವುದಕ್ಕೆ ನಮ್ಮ ಆಟದ ಬಯಲಿನ ಕಾಂಗ್ರೆಸ್ ಹುಲ್ಲೇ ಸಾಕ್ಷಿ. ಹೆಸರು ಹುಲ್ಲು, ಆದರೆ ಹುಲ್ಲಲ್ಲ. ಪಾರ್ಥೇನಿಯಮ್ ಹಿಸ್ಟೆರೋಫೋರಸ್, ಸೂರ್ಯಕಾಂತಿ, ಸೇವಂತಿಗೆ, ಹುಚ್ಚೆಳ್ಳುಗಳ ಕುಟುಂಬದ್ದು. ಇದನ್ನು ತಿನ್ನಲೆಂದು 1983ರಲ್ಲಿ ಮೆಕ್ಸಿಕೋ ದೇಶದಿಂದ ಜೈಗೊಗ್ರಾಮಾ ಎಂಬ ಪಟ್ಟೆಪಟ್ಟೆಯ ಚಿಕ್ಕ ದುಂಬಿ ತಂದರು. ನೇರವಾಗಿ ಬಿಡಲಿಲ್ಲ. ಇದು ಬೆಳೆಗಳನ್ನು, ಅದರಲ್ಲೂ ನೆಂಟ ಸೂರ್ಯಕಾಂತಿಯನ್ನು ತಿಂದು ಬದುಕುತ್ತದೆಯೇ ಅಂತ ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. 1990ರ ದಶಕದ ಮೊದಲಲ್ಲಿ ದುಂಬಿ ಸೂರ್ಯಕಾಂತಿ ಎಲೆ ಕಡಿಯುತ್ತಿದೆ ಅಂತ ದೊಡ್ಡ ಗಲಾಟೆಯೇ ಆಯಿತು. ಹುಡುಕಿ ನೋಡಿದರೆ ಕಾಂಗ್ರೆಸ್ ಗಿಡದ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಿದ್ದರೆ ದುಂಬಿ ಮೋಸ ಹೋಗಿ ಕಚ್ಚುತ್ತಿತ್ತು. ರೈತರು ಗುರುತಿಸಿದ್ದೂ ನಿಜ, ವಿಜ್ಞಾನಿಗಳ ಪರೀಕ್ಷೆಯೂ ನಿಜ. ಎರಡರ ನಡುವೆ ಗಾಳಿಯಲ್ಲಿ ತೂರಿದ ಪರಾಗ ಇತ್ತು.

ಕೊನೆಗೆ ಒಂದು ದೂರು ಉಳಿದಿದೆ: ವೈಜ್ಞಾನಿಕ ಹೆಸರು ಬದಲಾಗಲ್ಲ ಅಂತೀರಿ, ಹಳೇ ಪುಸ್ತಕದಲ್ಲಿ ಟೊಮ್ಯಾಟೊಗೆ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಅಂತ ಇದೆಯಲ್ಲ? ಹೌದು, ನಮ್ಮ ಗ್ರಂಥಾಲಯದ ಪುಸ್ತಕದಲ್ಲೂ ಹಾಗೇ ಇದೆ. ಲಿನೀಯಸ್ 1753ರಲ್ಲಿ ಸೊಲನಮ್ ಅಂದಿದ್ದರು. ಆಮೇಲೆ ಇಂಗ್ಲೆಂಡಿನ ಫಿಲಿಪ್ ಮಿಲ್ಲರ್ ಇದು ಬೇರೆ ಜಾತಿ ಅಂತ ಮನೆ ಪಾಲು ಮಾಡಿದರು. ಅದೇ ಬಹುಕಾಲ ನಡೆಯಿತು. 1990ರ ದಶಕದಿಂದೀಚೆಗೆ ಡಿಎನ್ಎ ತೆಗೆದು ಹೋಲಿಸಿದಾಗ ಟೊಮ್ಯಾಟೊ ಆಲೂಗಡ್ಡೆಗೆ ತೀರಾ ಹತ್ತಿರ ಅಂತ ಗೊತ್ತಾಗಿ, ಪಾಲಾದವರು ಮತ್ತೆ ಒಂದೇ ಮನೆಗೆ ಬಂದರು. ಲಿನೀಯಸ್ ಹೂವಿನ ಕೇಸರ ಎಣಿಸಿ ಮಾಡಿದ ಗುಂಪುಗಳು ಎಷ್ಟೋ ಬಿದ್ದುಹೋಗಿವೆ. ಇದು ಮಾತ್ರ ಉಳಿಯಿತು. ನೆಂಟಸ್ತಿಕೆಯ ತಿಳಿವಳಿಕೆ ಬದಲಾದರೆ ಹೆಸರೂ ಬದಲಾಗಬೇಕು, ಅದು ಸರಿಯೇ. ಪರೀಕ್ಷೆಗೆ ಓದುವವರಿಗೆ ಕಷ್ಟ, ಒಪ್ಪುತ್ತೇನೆ. ಅಂದ ಹಾಗೆ ಲೈಕೊಪರ್ಸಿಕಮ್ ಅಂದರೆ "ತೋಳದ ಪೀಚ್ ಹಣ್ಣು" ಅಂತ ಅರ್ಥ. ಯಾವ ತೋಳ ಟೊಮ್ಯಾಟೊ ತಿಂದಿತೋ!

ಈ ಹಾಳೆಯ ಕೆಳಗಡೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೇನೆ, ದಾರ ಕಟ್ಟಿದ ಪೆನ್ಸಿಲ್ಲೂ ಇದೆ. ಗಣಿಕೆ ಸೊಪ್ಪು, ಸುಂಡೆ, ಬುಡ್ಡೆಹಣ್ಣು, ಉಮ್ಮತ್ತಿ, ಈ ನಾಲ್ಕಕ್ಕೆ ನಿಮ್ಮ ಮನೆಯಲ್ಲಿ, ನಿಮ್ಮ ಅಜ್ಜಿಯ ತವರೂರಿನಲ್ಲಿ ಏನಂತಾರೆ ಕೇಳಿಕೊಂಡು ಬಂದು ಬರೆಯಿರಿ. ಹೆಸರಿನ ಪಕ್ಕದಲ್ಲಿ ಊರಿನ ಹೆಸರನ್ನೂ ಹಾಕಿ. ಟೊಮ್ಯಾಟೊ ಸೊರಗಿದ ತೋಟ ಯಾರದ್ದಾದರೂ ಇದ್ದರೆ ಮುಂದಿನ ಬೆಳೆ ಹಾಕುವ ಮೊದಲು ಒಂದು ಕಾಂಡ ತನ್ನಿ, ಪ್ರಯೋಗಶಾಲೆಯಲ್ಲಿ ಗಾಜಿನ ಲೋಟ ಇದೆ, ಮೇಷ್ಟ್ರು ಶನಿವಾರ ಬೆಳಿಗ್ಗೆ ಬಿಡುವಾಗಿರ್ತಾರೆ.